ಕರ್ತವ್ಯಲೋಪ: ಲೋಪ ಮಾಡಿದ್ದು ಯಾರು?

ಅಪ್ಪನ ಪಿಂಚಣಿ ಕಡತ ಒಂದು ಕಚೇರಿಯಲ್ಲಿ ಹದಿನಾಲ್ಕು ತಿಂಗಳು ಮಲಗಿತ್ತು. ದೂರು ಕೊಟ್ಟ ಮೇಲೆ ಬಂದ ಉತ್ತರ: ‘ಕರ್ತವ್ಯಲೋಪ ಉಂಟಾಗಿರುವುದು ಕಂಡುಬಂದಿರುತ್ತದೆ’. ಉಂಟಾಗಿದೆಯಂತೆ, ಮಳೆ ಬಂದ ಹಾಗೆ! ಮಾಡಿದ್ದು ಯಾರು ಅಂತ ಅದರಲ್ಲಿ ಇರಲೇ ಇಲ್ಲ. ಅವತ್ತಿನಿಂದ ಈ ಪದ ತಲೆ ಕೊರೀತಾ ಇದೆ.

‘ಲೋಪ’ ನಮಗೆಲ್ಲ ಮೊದಲು ಸಿಕ್ಕಿದ್ದು ಸ್ಕೂಲಿನ ವ್ಯಾಕರಣದಲ್ಲಿ. ಊರು + ಅಲ್ಲಿ = ಊರಲ್ಲಿ. ಉಕಾರ ಮಾಯ, ಲೋಪಸಂಧಿ. ಪಾಣಿನಿಗೂ ಲೋಪ ಅಂದರೆ ಕಾಣದಂತಾಗುವುದು, ಅಷ್ಟೇ. ಹೋದ ಉಕಾರಕ್ಕೆ ಯಾರನ್ನೂ ಹೊಣೆ ಮಾಡುವ ಹಾಗಿಲ್ಲ. ಕಚೇರಿಯವರಿಗೆ ಇದಕ್ಕಿಂತ ಅನುಕೂಲದ ಪದ ಎಲ್ಲಿ ಸಿಕ್ಕೀತು? ನಮ್ಮ ‘ಮೈಗಳ್ಳ’ ನೋಡಿ, ಕಳ್ಳನನ್ನು ಪದವೇ ಹಿಡಿದುಕೊಡುತ್ತೆ. (ಲೋಪ ಎಸಗಿದವರಿಗೆ ಸಿಗುವ ‘ಅಮಾನತು’ ಕೂಡ ತಮಾಷೆಯದೇ. ಅರಬ್ಬಿ ಮೂಲದಲ್ಲಿ ಅದರ ಅರ್ಥ ನಂಬಿ ಒಪ್ಪಿಸಿದ್ದು, ಅಂದರೆ ಠೇವಣಿ.)

ಕೋರ್ಟಿಗೂ ಈ ಪದದ ಗಡಿ ಗುರುತಿಸುವುದು ಸುಲಭವಾಗಿರಲಿಲ್ಲ. 1960ರಲ್ಲಿ ಅಸ್ಸಾಮಿನ ನೌಗಾಂವ್ ಜಿಲ್ಲೆಯಲ್ಲಿ ಗಲಭೆಯಾದಾಗ ಜೆ. ಅಹಮದ್ ಅಲ್ಲಿ ಜಿಲ್ಲಾಧಿಕಾರಿ. ಮುಂದಾಲೋಚನೆ ಇರಲಿಲ್ಲ, ಮುಂದಾಳತ್ವ ತೋರಲಿಲ್ಲ ಅಂತ ಅವರ ಮೇಲೆ ಆರೋಪ. 1979ರಲ್ಲಿ ಸುಪ್ರೀಂ ಕೋರ್ಟ್, ದಕ್ಷತೆ ಸಾಲದಿರುವುದೇ ದುರ್ನಡತೆ ಆಗುವುದಿಲ್ಲ ಅಂದಿತು. ಆದರೆ ಪರಿಣಾಮ ಸರಿಪಡಿಸಲಾಗದಷ್ಟು ಘೋರವಾಗಿದ್ದರೆ ನಿರ್ಲಕ್ಷ್ಯವೂ ದುರ್ನಡತೆಯಾಗಬಹುದು ಅಂತಲೂ ಸೇರಿಸಿತು. ಬಗ್ ಬರೆದವರೆಲ್ಲ ಅಪರಾಧಿಗಳಲ್ಲ ಅನ್ನೋ ಈ ಮಾತು ನನ್ನಂಥವನಿಗೆ ಸಮಾಧಾನವೇ ಬಿಡಿ :)

ಪದಕ್ಕೆ ನಿಜಕ್ಕೂ ಹಲ್ಲು ಬಂದದ್ದು ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲಿ. ಅದರ 4ನೇ ಕಲಮಿನ ಪ್ರಕಾರ, ಬೇಕೆಂದೇ ಕರ್ತವ್ಯ ನಿರ್ಲಕ್ಷಿಸಿದ ಅಧಿಕಾರಿ (ಪರಿಶಿಷ್ಟರಲ್ಲದವರು) ಕನಿಷ್ಠ 6 ತಿಂಗಳು, ಗರಿಷ್ಠ 1 ವರ್ಷ ಜೈಲಿಗೆ. ಆದರೆ ಯಾವ ಕರ್ತವ್ಯ ಅಂತ ಅಲ್ಲಿ ಬಿಡಿಸಿ ಹೇಳಿರಲಿಲ್ಲ. 2016ರ ಜನವರಿ 26ರಂದು ಜಾರಿಗೆ ಬಂದ ತಿದ್ದುಪಡಿ ಅದನ್ನು ಕ್ರಿಯಾಪದಗಳಲ್ಲಿ ಬರೆಯಿತು. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು. ಎಫ್‌ಐಆರ್ ದಾಖಲಿಸಬೇಕು. ದೂರಿನ ಪ್ರತಿ ಕೊಡಬೇಕು. 60 ದಿನದೊಳಗೆ ತನಿಖೆ ಮುಗಿಸಿ ಆರೋಪಪಟ್ಟಿ ಹಾಕಬೇಕು, ತಡವಾದರೆ ಯಾಕೆ ಅಂತ ಬರೆದುಕೊಡಬೇಕು. ಮಾಡಬೇಕಾದ್ದು ಇಷ್ಟು ಸ್ಪಷ್ಟವಾಗಿದ್ದರೆ, ಮಾಡದವರು ಯಾರು ಅನ್ನುವುದೂ ಗೊತ್ತಾಗುತ್ತೆ. ಲೋಪ ತಾನಾಗಿಯೇ ‘ಉಂಟಾಗುವುದಿಲ್ಲ’.

ಆದರೆ ಅದೇ ತಿದ್ದುಪಡಿಯ ಜೊತೆಗೆ ಒಂದು ಷರತ್ತೂ ಬಂತು. ಅಂಥ ಅಧಿಕಾರಿಯ ಮೇಲೆ ಕೇಸು ಹಾಕಬೇಕಾದರೆ ಮೊದಲು ಆಡಳಿತಾತ್ಮಕ ವಿಚಾರಣೆ ನಡೆದು, ಅದರ ಶಿಫಾರಸು ಬರಬೇಕು. ವಿಚಾರಣೆ ನಡೆಸುವವರು ಅದೇ ಆಡಳಿತದವರು.