ನಕ್ಷೆಗೂ ಮೊದಲು ನಡಿಗೆ

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಮುಂದೆ ಪ್ರತ್ಯೇಕ ತಾಲ್ಲೂಕಾಯಿತು. ಆದೇಶ ಹೊರಟೊಡನೆ ಕಚೇರಿಯ ದಿಕ್ಕು ಬದಲಾಗುತ್ತದೆ. ಜನರ ಓಡಾಟದ ದಿಕ್ಕು ಬದಲಾಗುವುದಿಲ್ಲ. ನ್ಯಾಮತಿಗೆ ಇಂದಿಗೂ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ. ಹಾಗಾದರೆ ರಸ್ತೆ ಯಾರನ್ನು ಕೇಳಿ ಸಾಗಬೇಕು?

2000ದ ಡಿಸೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮಾರ್ಗಸೂಚಿಯಲ್ಲಿ ಇದಕ್ಕೊಂದು ಸರಳ ಉತ್ತರವಿದೆ. ಯೋಜನಾ ವರದಿ ಸಿದ್ಧಪಡಿಸುವಾಗ ಎಂಜಿನಿಯರ್ ಪಂಚಾಯಿತಿಯವರು ಮತ್ತು ಊರವರೊಂದಿಗೆ ರಸ್ತೆಯ ಜಾಡಿನುದ್ದಕ್ಕೂ ನಡೆಯಬೇಕು, ಅವರ ಮಾತನ್ನು ದಾಖಲಿಸಬೇಕು. ಒಣಗಿದ ಹಳ್ಳ ನಕ್ಷೆಯಲ್ಲಿ ಬರೀ ಗೆರೆ. ಜಗಳೂರಿನಂಥ ಬರದ ಸೀಮೆಯಲ್ಲಿ ಒಂದೇ ಜೋರು ಮಳೆಗೆ ಅದು ಎಲ್ಲಿಯವರೆಗೆ ಉಕ್ಕುತ್ತದೆಂದು ಅಲ್ಲಿನ ರೈತನಿಗೆ ಗೊತ್ತು. ತುಂಗಭದ್ರೆಯ ನೆರೆ ಎಲ್ಲಿ ನಿಲ್ಲುತ್ತದೆಂದು ಹೊನ್ನಾಳಿಯ ದಡದವರು ಬೆರಳಿಟ್ಟು ತೋರಿಸಬಲ್ಲರು. ಮೋರಿಯ ಅಗಲ ತೀರ್ಮಾನವಾಗಬೇಕಾದದ್ದು ಇಂಥ ಮಾತಿನಿಂದಲೂ ಹೌದು.

ತೊಡಕೂ ಅಲ್ಲಿಯೇ ಇದೆ. ಈ ಯೋಜನೆ ಭೂಸ್ವಾಧೀನಕ್ಕೆ ಹಣ ಕೊಡುವುದಿಲ್ಲ. ಹೀಗಾಗಿ ಅಗಲೀಕರಣಕ್ಕೆ ಬೇಕಾದ ನೆಲವನ್ನು ಹಲವೆಡೆ ರೈತರೇ ಬಿಟ್ಟುಕೊಡಬೇಕಾಗುತ್ತದೆ. ಎಂಟು ಗುಂಟೆಯವನಿಗೂ ಎಂಟು ಎಕರೆಯವನಿಗೂ ಒಂದು ಗುಂಟೆ ಒಂದೇ ತೂಕದ್ದಲ್ಲ. ಇಡೀ ಊರು ರಸ್ತೆಗಾಗಿ ಕಾಯುತ್ತಿರುವಾಗ ಸಣ್ಣ ಹಿಡುವಳಿಯವನು ಎಲ್ಲರೆದುರು ಆಗುವುದಿಲ್ಲ ಎನ್ನುವುದು ಸುಲಭವೇ? ಅವನ ಮೌನವನ್ನು ಒಪ್ಪಿಗೆಯೆಂದು ಬರೆದುಕೊಂಡರೆ ಆ ನಡಿಗೆ ಬರೀ ಶಾಸ್ತ್ರ. ಗೆರೆ ಇನ್ನೂ ಬಾಗುವಂತಿರುವಾಗಲೇ ನಡೆಯಬೇಕು, ಬರೆದುಕೊಂಡದ್ದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಆಗ ರಸ್ತೆ ಊರಿನದಾಗುತ್ತದೆ.