ಕಿಟಕಿ ಸರಳಿನ ಕೆಂಪು ಬಣ್ಣ

ಗಣಪತಿ ವಿಸರ್ಜನೆಯಾಗಿ ಮಳೆ ಹಿಂದೆ ಸರಿಯಿತೆಂದರೆ ಪುಣೆಯ ಮನೆಗಳಲ್ಲಿ ಬಣ್ಣದ ಕಾಲ ಬಂದಂತೆ. ಗೋಡೆಯ ಕೆಲಸವನ್ನು ಮುಂದಿನ ವರ್ಷದ ಬೋನಸ್ಸಿಗೆ ತಳ್ಳಬಹುದು. ಆದರೆ ಕಿಟಕಿಯ ಸರಳು, ಗ್ಯಾಲರಿಯ ಕಟಕಟೆ, ಗೇಟು ಇವು ಕಾಯುವುದಿಲ್ಲ. ನಾಲ್ಕು ತಿಂಗಳ ಮಳೆ ಕುಡಿದ ಕಬ್ಬಿಣ ತುಕ್ಕು ಹಿಡಿದೇ ಹಿಡಿಯುತ್ತದೆ. ಊರು ಬಿಟ್ಟು ಬಂದ ನಮ್ಮ ಸಂಸಾರಗಳಲ್ಲಿ ಇನ್ನೊಂದು ವಸ್ತುವೂ ಉಂಟು: ಹಿರಿಯರು ತಂದ ತಗಡಿನ ಟ್ರಂಕು. ವರ್ಗವಾದಾಗಲೆಲ್ಲ ಹಳೆಯ ಊರಿನ ಹೆಸರನ್ನು ಮುಚ್ಚಿ ಹೊಸ ಊರಿನ ಹೆಸರು ಬರೆಸಿ, ಅದರ ಮೈಮೇಲೆ ಬಣ್ಣದ ಮೇಲೆ ಬಣ್ಣ ಕೂತಿರುತ್ತದೆ. ಇವನ್ನೆಲ್ಲ ಕೆರೆಯುವ ಮುನ್ನ ಆ ಪದರಗಳ ಚರಿತ್ರೆಯನ್ನು ತುಸು ತಿಳಿಯುವುದು ಲೇಸು.

ಕಬ್ಬಿಣಕ್ಕೆ ನೀರೂ ಗಾಳಿಯೂ ಒಟ್ಟಿಗೆ ತಗಲಿದರೆ ತುಕ್ಕು. ಇವೆರಡನ್ನೂ ದೂರವಿಡುವುದೇ ಬಣ್ಣದ ಮೊದಲ ಕೆಲಸ. ಹಳೆಯ ಬಣ್ಣಗಳ ಜೀವಾಳ ಅಗಸೆ ಎಣ್ಣೆ. ನಮ್ಮ ಉತ್ತರ ಕರ್ನಾಟಕದವರು ರೊಟ್ಟಿಯೊಡನೆ ತಿನ್ನುವ ಅಗಸಿ ಹಿಂಡಿಯ ಅಗಸೆಯೇ ಇದು, ಇಲ್ಲಿಯವರಿಗೆ ಜವಸ. ಈ ಎಣ್ಣೆ ನೀರಿನಂತೆ ಆರಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿ ಪೊರೆಯಾಗುತ್ತದೆ.

ಈ ಎಣ್ಣೆಯಲ್ಲಿ ಕಲಸುತ್ತಿದ್ದ ಕೆಂಪು ಪುಡಿ ಎರಡು ಬಗೆಯದು. ಒಂದು ಕೆಮ್ಮಣ್ಣು, ಎಂದರೆ ಕಬ್ಬಿಣದ ಆಕ್ಸೈಡು. ಅಂಗಡಿಯಲ್ಲಿ ಇದೇ ‘ರೆಡ್ ಆಕ್ಸೈಡ್’. ಕೆಮ್ಮಣ್ಣುಗುಂಡಿಗೆ ಹೆಸರು ಬಂದದ್ದೂ, ಅಲ್ಲಿಂದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋದದ್ದೂ ಇದೇ ಆಕ್ಸೈಡಿನಿಂದ. ತುಕ್ಕಿನ ಬಂಧುವೇ ತುಕ್ಕಿಗೆ ತಡೆಯಾಗುವುದು ವಿಚಿತ್ರವಾದರೂ ನಿಜ. ಇನ್ನೊಂದು ಸಿಂಧೂರ, ಎಂದರೆ ಸೀಸದ ಆಕ್ಸೈಡು. ಅಂಗಡಿಯವರ ‘ರೆಡ್ ಲೆಡ್’. ಮರಾಠಿಯಲ್ಲಿ ಶೇಂದೂರ. ಇಲ್ಲಿಯ ಕಸಬಾ ಗಣಪತಿಯ ಮೂರ್ತಿಗೆ ಲೇಪಿಸಿರುವ ಶೇಂದೂರ ಎಲ್ಲರೂ ಕಂಡದ್ದೇ. ಸಂಪ್ರದಾಯದಲ್ಲಿ ಆ ಹೆಸರಿನ ವಸ್ತು ಇದೇ ಸೀಸದ ಪುಡಿ. ಅದು ಅಗಸೆ ಎಣ್ಣೆಯೊಡನೆ ಸೇರಿ ಒಂದು ಬಗೆಯ ಸೀಸದ ಸಾಬೂನಾಗಿ ಕಬ್ಬಿಣದ ಮೈಗೆ ಕಾವಲು ಕೂರುತ್ತದೆ. ಆದ್ದರಿಂದಲೇ ಸೇತುವೆ, ಹಡಗುಗಳಿಗೆಲ್ಲ ಶತಮಾನಕ್ಕೂ ಹೆಚ್ಚು ಕಾಲ ಅದೇ ಮೊದಲ ಕೋಟು. ಮೇಲಿನ ಹಳದಿ, ಕೇಸರಿ ಎನಾಮಲ್ಲುಗಳಲ್ಲೂ ಸೀಸದ ಕ್ರೋಮೇಟ್ ಬೆರೆಯುತ್ತಿತ್ತು.

ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದ ಬಣ್ಣದ ಕಾರ್ಖಾನೆ ಶುರುವಾದದ್ದು 1902ರಲ್ಲಿ, ಹೌರಾದ ಶಾಲಿಮಾರಿನಲ್ಲಿ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಅರಗಿನ ಕಾರ್ಖಾನೆ ತೆರೆದರು. ಮತದಾರರ ಬೆರಳಿಗೆ 1962ರಿಂದ ಹಚ್ಚುತ್ತಿರುವ ಅಳಿಸದ ಶಾಯಿಯಿಂದ ಹೆಸರಾದ ಮೈಸೂರು ಪೇಂಟ್ಸ್ ಇದೇ. ಮುಂಬಯಿಯಲ್ಲಿ 1942ರಲ್ಲಿ ಏಷ್ಯನ್ ಪೇಂಟ್ಸ್ ಹುಟ್ಟಿತು. ಅದಕ್ಕೆ 1954ರಲ್ಲಿ ‘ಗಟ್ಟು’ ಎಂಬ ತುಂಟ ಹುಡುಗನನ್ನು ಬರೆದುಕೊಟ್ಟವರು ಮೈಸೂರಿನಲ್ಲಿ ಹುಟ್ಟಿ, 2015ರಲ್ಲಿ ಈ ಪುಣೆಯಲ್ಲೇ ಕಣ್ಣು ಮುಚ್ಚಿದ ಆರ್.ಕೆ. ಲಕ್ಷ್ಮಣ್. ಹೀಗೆ ಬಣ್ಣದ ಡಬ್ಬಿ ಸಾಮಾನ್ಯರ ಮನೆ ಸೇರಿತು.

ಇದೇ ಹೊತ್ತಿಗೆ ಹೊರಗೆ ಇನ್ನೊಂದು ಚರಿತ್ರೆ ನಡೆದಿತ್ತು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಮಕ್ಕಳು ಸೀಸದ ವಿಷದಿಂದ ನರಳುತ್ತಿದ್ದರು. ಅದು ಬರುವುದು ಜಗಲಿಯ ಕಟಕಟೆಯ ಬಣ್ಣ ಬಿಸಿಲಿಗೆ ಪುಡಿಯಾಗಿ ಮಕ್ಕಳ ಕೈಗೂ, ಕೈಯಿಂದ ಬಾಯಿಗೂ ಹೋಗುವುದರಿಂದ ಎಂದು ಲಾಕ್‌ಹಾರ್ಟ್ ಗಿಬ್ಸನ್ ಎಂಬ ವೈದ್ಯರು 1904ರಲ್ಲೇ ಬರೆದರು. ಅಲ್ಲಿ 1922ರಲ್ಲಿ ಕಾನೂನು ಬಂತು. ಅಮೆರಿಕ 1978ರಲ್ಲಿ ಮನೆಬಣ್ಣದ ಸೀಸವನ್ನು ನಿಷೇಧಿಸಿತು. ನಮ್ಮಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ವರ್ಷಗಟ್ಟಲೆ ಈ ವಿಷಯವನ್ನೇ ಸಾರುತ್ತ ಬಂದರು. ಪೆಟ್ರೋಲಿನ ಸೀಸ 2000ದಲ್ಲಿ ನಿಂತಿತು. ಮನೆಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ಕೇಂದ್ರ ಸರಕಾರದ ನಿಯಮ 2016ರಲ್ಲಿ ಹೊರಟು, 1 ನವೆಂಬರ್ 2017ರಿಂದ ಜಾರಿಯಾಯಿತು. ನಾವೆಲ್ಲ ರಾಜ್ಯೋತ್ಸವ ಆಚರಿಸಿದ ಆ ದಿನಕ್ಕೂ ಗಿಬ್ಸನ್ನರ ಲೇಖನಕ್ಕೂ ನಡುವೆ 113 ವರ್ಷ!

ನಿಯಮ ಹೊಸ ಡಬ್ಬಿಗೆ ಅನ್ವಯಿಸುತ್ತದೆ, ಹಳೆಯ ಸರಳಿಗಲ್ಲ. ಸರಳಿನ ಮೇಲಿನ ಪದರಗಳಲ್ಲಿ ಸೀಸ ಎಷ್ಟಿದೆಯೆಂದು ಕಣ್ಣಿನಿಂದ ಹೇಳಲಾಗದು. ನುಂಗಿದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಮಗುವಿನ ದೇಹ ಹೀರಿಕೊಳ್ಳುತ್ತದೆ. ಪೆಟ್ಟು ಬೀಳುವುದು ಬುದ್ಧಿಯ ಬೆಳವಣಿಗೆಗೆ. ಹಳೆಯ ಮನೆಯಲ್ಲಿರುವವರು ಕೆಲವು ಮಾತು ನೆನಪಿಡಬೇಕು. ಗಟ್ಟಿಯಾಗಿ ಅಂಟಿದ ಬಣ್ಣವನ್ನು ಕೆರೆಯಲೇಬೇಕೆಂದಿಲ್ಲ. ತೊಳೆದು, ಒರೆಸಿ, ಅದರ ಮೇಲೆಯೇ ಹಚ್ಚಬಹುದು. ಎದ್ದ ಭಾಗವನ್ನು ನೀರು ಚಿಮುಕಿಸಿಕೊಂಡು ಉಜ್ಜಬೇಕು. ಒಣಗಿದ್ದನ್ನು ಪಾಲೀಶ್ ಪೇಪರಿನಿಂದ ತಿಕ್ಕುವುದು, ಬೆಂಕಿ ಹಿಡಿದು ಸುಡುವುದು ಸಲ್ಲದು. ಕೆಳಗೆ ಕಾಗದ ಹಾಸಿ, ಬಿದ್ದ ಚೂರನ್ನು ಮಡಿಸಿ ತೆಗೆದು, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಅಷ್ಟು ಹೊತ್ತು ಮಕ್ಕಳೂ ಗರ್ಭಿಣಿಯರೂ ಬೇರೆ ಕಡೆ ಇರಲಿ. ಸರಳು ಪೂರ್ತಿ ಆರಿದ ಮೇಲೆ ರೆಡ್ ಆಕ್ಸೈಡಿನ ಒಂದು ಕೋಟು, ಅದರ ಮೇಲೆ ಎನಾಮಲ್ ಎರಡು ಕೋಟು. ಕಾರ್ಖಾನೆ ಕೆಲಸದ ಬಣ್ಣಗಳಿಗೆ ಈ ನಿಯಮವಿಲ್ಲ. ಆದುದರಿಂದ ರವಿವಾರ ಪೇಟೆಯ ಅಂಗಡಿಯಲ್ಲಿ ಅಗ್ಗವೆಂದು ಅಂಥ ಡಬ್ಬಿ ತರದೆ, ಮನೆಬಣ್ಣವೇ ಹೌದೆಂದೂ 90ರ ಮಿತಿ ನಮೂದಾಗಿದೆಯೆಂದೂ ನೋಡಿ ಕೊಳ್ಳಬೇಕು.

ಇನ್ನೊಂದು ಮಾತು. ಸರಳು ಕೆರೆಯಲು ನಾವು ಕರೆಸುವ ಕೂಲಿಯವನು ಕಲಬುರಗಿಯ ಕಡೆಯ ನಮ್ಮವನೇ ಆಗಿರಬಹುದು. ನಮ್ಮ ಮನೆಯ ಕೆಲಸ ಎರಡು ದಿನದ್ದು, ಅವನದು ವರ್ಷವಿಡೀ. ಮೂಗಿಗೆ ಕಟ್ಟಿಕೊಳ್ಳಲು ಒಳ್ಳೆಯ ಮಾಸ್ಕು, ಊಟಕ್ಕೆ ಮುಂಚೆ ಕೈ ತೊಳೆಯಲು ಸಾಬೂನು ನೀರು ಕೊಡುವುದು ನಮ್ಮ ಜವಾಬ್ದಾರಿ. ಧೂಳು ಮೆತ್ತಿದ ಅಂಗಿಯಲ್ಲೇ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಪ್ಪ ಎಂದು ಅವನ ಭಾಷೆಯಲ್ಲಿ ಹೇಳಬಲ್ಲವರು ಈ ಊರಿನಲ್ಲಿ ನಾವೇ.