ದಂಡನಾಯಕರ ಬಿರುದು, ಜನರಿಟ್ಟ ಹೆಸರು

ಬಳ್ಳಾರಿ ಸೀಮೆಯ ತುಂಗಭದ್ರಾ ದಂಡೆಯಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳಿವೆ. ಅವುಗಳಲ್ಲಿ ಒಂದು ಸಿರುಗುಪ್ಪ ಕಾಲುವೆ, ಇನ್ನೊಂದು ದೇಶನೂರು ಕಾಲುವೆ. ಅರಸರ ಹೆಸರು ಹೋಗಿ ಊರಿನ ಹೆಸರು ನಿಂತಿದೆ. ಮನುಷ್ಯರ ವಿಷಯದಲ್ಲೂ ಹಳ್ಳಿಯ ಪದ್ಧತಿ ಹೀಗೆಯೇ. ಒಂದೇ ಓಣಿಯಲ್ಲಿ ನಾಲ್ವರು ಬಸಪ್ಪಗಳಿದ್ದರೆ ಒಬ್ಬ ಕುಂಟ ಬಸಪ್ಪ, ಇನ್ನೊಬ್ಬ ಗಾಣದ ಬಸಪ್ಪ ಆಗುತ್ತಾರೆ. ಅವನು ಒಪ್ಪಲಿ ಬಿಡಲಿ, ಊರಿಟ್ಟ ಹೆಸರು ಮೊಮ್ಮಕ್ಕಳ ಕಾಲಕ್ಕೂ ಬಿಡುವುದಿಲ್ಲ. ಆದರೆ ಅರಸರಿಗೂ ದಂಡನಾಯಕರಿಗೂ ಇನ್ನೊಂದು ಬಗೆಯ ಹೆಸರಿತ್ತು. ಅದು ಬಿರುದು. ಅದನ್ನು ಯುದ್ಧದಲ್ಲಿ ಗಳಿಸಬೇಕು, ಆಸ್ಥಾನದಲ್ಲಿ ಪಡೆಯಬೇಕು, ಕಲ್ಲಿನಲ್ಲಿ ಕೆತ್ತಿಸಬೇಕು. ಶಾಸನಗಳನ್ನು ಓದಲು ಕುಳಿತವರಿಗೆ ಮೊದಲು ಬೇಸರ ತರಿಸುವುದು ಈ ಬಿರುದುಗಳ ಸಾಲೇ. ಸ್ವಲ್ಪ ತಾಳ್ಮೆಯಿಂದ ನೋಡಿದರೆ ಪ್ರತಿಯೊಂದು ಬಿರುದಿನ ಕೆಳಗೂ ಒಂದು ಕದನ, ಒಬ್ಬ ಸತ್ತವನು, ಒಮ್ಮೊಮ್ಮೆ ಒಂದು ಸುಳ್ಳೂ ಸಿಗುತ್ತದೆ.

ಬಿರುದು ಹೇಗೆ ಬಂತೆಂದು ಒಂದೊಂದಾಗಿ ಲೆಕ್ಕ ಕೊಟ್ಟಿರುವ ದಂಡನಾಯಕ ಕನ್ನಡ ನಾಡಿನಲ್ಲಿ ಚಾವುಂಡರಾಯ. ಗಂಗರ ಮಾರಸಿಂಹ ಮತ್ತು ರಾಚಮಲ್ಲರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಆತ 978ರಲ್ಲಿ ಬರೆದ ಚಾವುಂಡರಾಯ ಪುರಾಣದಲ್ಲಿ ಆ ಪಟ್ಟಿ ಇದೆ. ಖೇಡಗದ ಯುದ್ಧದಲ್ಲಿ ವಜ್ಜಲದೇವನನ್ನು ಸೋಲಿಸಿದ್ದಕ್ಕೆ ಸಮರಧುರಂಧರ. ಗೋನೂರಿನ ಬಯಲಿನಲ್ಲಿ ನೊಳಂಬರ ಮೇಲೆ ತೋರಿದ ಶೌರ್ಯಕ್ಕೆ ವೀರಮಾರ್ತಂಡ. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದಿದ್ದಕ್ಕೆ ರಣರಂಗಸಿಂಗ. ಬಾಗೆಯೂರಿನ ಕೋಟೆಯಲ್ಲಿ ತ್ರಿಭುವನವೀರನನ್ನು ಕೊಂದದ್ದಕ್ಕೆ ವೈರಿಕುಲಕಾಲದಂಡ. ಹೀಗೆ ಸಾಗುತ್ತದೆ ಅದು. ಇಂದಿನ ಸೈನ್ಯದಲ್ಲಿ ಎದೆಯ ಮೇಲೆ ತೂಗುವ ಪದಕಗಳಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ಯಾವ ಪದಕ ಯಾವ ರಂಗದ್ದು ಎಂದು ಅದರ ಪಟ್ಟಿಯ ಬಣ್ಣ ಹೇಳುವಂತೆ, ಇಲ್ಲಿ ಹೆಸರೇ ಹೇಳುತ್ತದೆ.

ಈ ಪಟ್ಟಿಯಲ್ಲಿ ಒಂದು ಬಿರುದು ಮಾತ್ರ ಬೇರೆ ಜಾತಿಯದು. ಚಾವುಂಡರಾಯನ ತಮ್ಮ ನಾಗವರ್ಮನನ್ನು ಮುದುರಾಚಯ್ಯ ಎಂಬವನು ಕೊಂದಿದ್ದ. ಅಣ್ಣ ಆತನನ್ನು ಹುಡುಕಿ ಕೊಂದು ಸೇಡು ತೀರಿಸಿಕೊಂಡ, ಸಮರಪರಶುರಾಮ ಎನಿಸಿಕೊಂಡ. ಮನೆಯವನ ಸಾವಿಗೆ ಸೇಡಾಗಿ ಕೊಡಲಿ ಹಿಡಿದವನು ಪರಶುರಾಮನಾದ್ದರಿಂದ ಈ ಹೋಲಿಕೆ. ಸತ್ತ ಮುದುರಾಚಯ್ಯನಿಗೂ ಎರಡು ಬಿರುದುಗಳಿದ್ದವು: ಚಲದಂಕಗಂಗ, ಗಂಗರಬಂಟ. ಅಂದರೆ ಆತನೂ ಗಂಗರ ಹೆಸರನ್ನೇ ಹೊತ್ತ ವೀರ. ಸೇಡಿನ ಈ ಕಥೆಯ ಹಿಂದೆ ಗಂಗರ ಮನೆಯೊಳಗಿನ ಒಡಕು ಇತ್ತೆಂಬುದು ಆ ಎರಡು ಬಿರುದುಗಳಿಂದಲೇ ಹೊರಬೀಳುತ್ತದೆ. ಗೆದ್ದವನು ಬರೆದುಕೊಂಡ ಪಟ್ಟಿಯೊಳಗೆ ಸೋತವನ ಬಿರುದು ಉಳಿದದ್ದು ನಮ್ಮ ಪುಣ್ಯ.

ಚಾವುಂಡರಾಯನಿಗೆ ಸತ್ಯಯುಧಿಷ್ಠಿರ ಎಂಬ ಬಿರುದೂ ಇತ್ತು. ತಮಾಷೆಗೂ ಸುಳ್ಳು ಹೇಳದವನೆಂದು ಅದರ ಕಾರಣ. ಈ ಪಟ್ಟಿಯನ್ನು ಬರೆದವನೂ ಆತನೇ ಎಂಬುದನ್ನು ಮರೆಯದೆ ಇದನ್ನು ಓದಬೇಕು!

ಇಷ್ಟೆಲ್ಲ ಗಳಿಸಿದ ದಂಡನಾಯಕ ತನ್ನ ಸಾಧನೆಯನ್ನು ಶ್ರವಣಬೆಳಗೊಳದ ಚಿಕ್ಕ ಒಂದು ಕಂಬದಲ್ಲೂ ಕೆತ್ತಿಸಿದ. ಅದು ತ್ಯಾಗದ ಬ್ರಹ್ಮದೇವ ಕಂಬ. ಸುಮಾರು 1200ರ ಹೊತ್ತಿಗೆ ಹೆಗ್ಗಡೆ ಕಣ್ಣ ಎಂಬ ಅಧಿಕಾರಿ ಅಲ್ಲಿ ಯಕ್ಷನ ವಿಗ್ರಹವೊಂದನ್ನು ಮಾಡಿಸಿ, ಆ ಸಂಗತಿಯನ್ನು ಬರೆಸಲು ಜಾಗಕ್ಕಾಗಿ ಕಂಬದ ಮೂರು ಮುಖಗಳ ಹಳೆಯ ಬರಹವನ್ನು ಕೆತ್ತಿಹಾಕಿಸಿದ. ಬರೆಸಿದ್ದು ಎರಡೂವರೆ ಸಾಲು. ಚಾವುಂಡರಾಯನ ಚರಿತ್ರೆಯಲ್ಲಿ ಮುಕ್ಕಾಲು ಪಾಲು ಆ ಎರಡೂವರೆ ಸಾಲಿಗಾಗಿ ಪುಡಿಯಾಯಿತು. ಉಳಿದದ್ದು ಉತ್ತರದ ಮುಖ ಮಾತ್ರ.

ಆದರೆ ಯಾರೂ ಕೆತ್ತಿಹಾಕಲಾಗದ ಹೆಸರೊಂದು ಆತನಿಗಿತ್ತು ಎನ್ನುತ್ತಾರೆ ವಿದ್ವಾಂಸರಲ್ಲಿ ಕೆಲವರು. ಆ. ನೇ. ಉಪಾಧ್ಯೆಯವರ ಪ್ರಕಾರ ‘ಗೊಮ್ಮಟ’ ಎಂಬುದು ಚಾವುಂಡರಾಯನನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು. ಗೊಮ್ಮಟನ ಈಶ್ವರ ಗೊಮ್ಮಟೇಶ್ವರ. ನೇಮಿಚಂದ್ರಾಚಾರ್ಯರು ಬರೆದ ಗೊಮ್ಮಟಸಾರಕ್ಕೂ ಹೆಸರು ಬಂದದ್ದು ಹೀಗೆಯೇ. ಮಂಜೇಶ್ವರದ ಗೋವಿಂದ ಪೈಗಳು ಇದನ್ನು ಒಪ್ಪಲಿಲ್ಲ. ಬಾಹುಬಲಿ ಮನ್ಮಥನಂಥ ಚೆಲುವ, ಆ ‘ಮನ್ಮಥ’ ಶಬ್ದವೇ ಸವೆದು ಗೊಮ್ಮಟ ಆಯಿತೆಂಬುದು ಅವರ ವಾದ. ಉಪಾಧ್ಯೆಯವರ ಮಾತು ನಿಜವಾದರೆ ಆ ದಂಡನಾಯಕ ಕತ್ತಿಯಿಂದ ಗಳಿಸಿದ ಹತ್ತಾರು ಬಿರುದುಗಳನ್ನು ಪಂಡಿತರು ಮಾತ್ರ ಬಲ್ಲರು, ತಾಯಿ ಕರೆಯುತ್ತಿದ್ದ ಹೆಸರನ್ನು ಜಗತ್ತು ಬಲ್ಲದು.

ಉಚ್ಚಂಗಿಯ ಮಾತು ಬಂತು. ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು ಈಗ ವಿಜಯನಗರ ಜಿಲ್ಲೆಯಲ್ಲಿರುವ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ಕನ್ನಡ ನಾಡಿನ ಬಿರುದುಗಳ ಕಮ್ಮಟವೆಂದರೂ ಸರಿಯೆ. ಚಾವುಂಡರಾಯನ ಒಡೆಯ ಮಾರಸಿಂಹ ಇಲ್ಲಿ ಗೆದ್ದು, ನೊಳಂಬರನ್ನು ಮುರಿದು, ‘ನೊಳಂಬಕುಲಾಂತಕ’ ಎನಿಸಿಕೊಂಡ. ನೊಳಂಬರ ಕುಲಕ್ಕೆ ಯಮ ಎಂದು ಅರ್ಥ. ಕುಲವೇ ಮುಗಿಯಿತೆಂದು ನಂಬಬೇಕು. ಆದರೆ ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟ ಮೇಲೆ, ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ನೊಳಂಬರು ಮತ್ತೆ ಆಳುತ್ತಿದ್ದಾರೆ. ನೊಳಂಬವಾಡಿಯ ಜೊತೆಗೆ ಕೋಗಳಿ 500, ಬಲ್ಲಕುಂದೆ 300 ಅವರ ಕೈಯಲ್ಲಿವೆ. ಬಲ್ಲಕುಂದೆ ಎಂದರೆ ಬೇರೆಲ್ಲೂ ಅಲ್ಲ, ಕುರುಗೋಡಿನ ಸುತ್ತಿನ ನಾಡು. ಯಮ ಹೋದ, ಕುಲ ಉಳಿಯಿತು. ಬಿರುದನ್ನು ಸಾಕ್ಷಿಯಾಗಿ ಹಿಡಿದು ಚರಿತ್ರೆ ಬರೆಯುವವರು ಎಚ್ಚರ ವಹಿಸಬೇಕಾದ ಜಾಗ ಇದು.

ಇನ್ನೂರು ವರ್ಷಗಳ ನಂತರ ಅದೇ ಉಚ್ಚಂಗಿಗೆ ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಬಂದ. ಆಗ ಅಲ್ಲಿ ಪಾಂಡ್ಯರಿದ್ದರು. ಹನ್ನೆರಡು ವರ್ಷ ಮುತ್ತಿಗೆ ಹಾಕಿದ ಚೋಳರು ಆಸೆ ಬಿಟ್ಟು ಹೋಗಿದ್ದ ಕೋಟೆಯನ್ನು ಬಲ್ಲಾಳ ಸುಲಭವಾಗಿ ಹಿಡಿದನೆಂದು ಶಾಸನ ಹೊಗಳುತ್ತದೆ. ಶರಣು ಬಂದ ಕಾಮದೇವ ಪಾಂಡ್ಯನಿಗೆ ರಾಜ್ಯವನ್ನು ಹಿಂದಕ್ಕೆ ಕೊಟ್ಟದ್ದೂ ಉಂಟು. ಇದು 1177ರ ಸುಮಾರಿನ ಸಂಗತಿ. ಬಲ್ಲಾಳನಿಗೆ ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಬಿರುದುಗಳಿದ್ದವು. ಬೆಟ್ಟದ ಕೋಟೆಗಳನ್ನು ಹಿಡಿಯುವುದರಲ್ಲಿ ಮಲ್ಲ ಎಂಬುದೇನೋ ಸರಿಯೇ. ಮುಂದೆ ಆತ ಗೆದ್ದ ಕೋಟೆಗಳ ಪಟ್ಟಿಯಲ್ಲಿ ಕುರುಗೋಡೂ ಇದೆ. ಆ ಊರಿನ ಬೆಟ್ಟಗಳ ಬುಡದಲ್ಲಿ ನಿಂತು ನೋಡಿದವರಿಗೆ ಮಲ್ಲ ಎಂಬ ಮಾತಿನ ತೂಕ ತಿಳಿದೀತು. ಶನಿವಾರಸಿದ್ಧಿ ಎಂದರೇನು? ಉಚ್ಚಂಗಿ ಕೈವಶವಾದದ್ದು ಶನಿವಾರ, ಅದಕ್ಕೆ ಆ ಹೆಸರು ಎಂದು ಇತಿಹಾಸದ ಪುಸ್ತಕಗಳು ಹೇಳುತ್ತ ಬಂದಿವೆ. ಶನಿವಾರ ಶುಭಕಾರ್ಯಕ್ಕೆ ಹಿಂದೆಮುಂದೆ ನೋಡುವ ನಮ್ಮ ಜನರಿಗೆ ಈ ಕಥೆ ಚೆನ್ನಾಗಿ ಹಿಡಿಸಿದೆ.

ತೊಡಕಿರುವುದು ಇಲ್ಲಿ. ಬಲ್ಲಾಳನು ಉಚ್ಚಂಗಿಗೆ ಬರುವ ಸುಮಾರು ಹತ್ತು ವರ್ಷಗಳ ಮೊದಲೇ ತೀರಿಕೊಂಡಿದ್ದ ಕಳಚುರಿ ಬಿಜ್ಜಳನ ಶಾಸನಗಳಲ್ಲೂ ಶನಿವಾರಸಿದ್ಧಿ ಇದೆ, ಗಿರಿದುರ್ಗಮಲ್ಲ ಇದೆ, ಚಲದಂಕರಾಮ ಎಂಬ ಇನ್ನೊಂದೂ ಇದೆ. ಹೊಯ್ಸಳ ಶಾಸನಗಳಲ್ಲಿ ಆ ಮೂರೂ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಬಸವಣ್ಣನವರ ಕಾಲದ ಅರಸನ ಮೈಮೇಲಿದ್ದ ಬಿರುದು ಮುಂದಿನ ಅರಸನ ಮೈಗೆ ಬಂದಿದೆ ಎಂದ ಮೇಲೆ ಉಚ್ಚಂಗಿಯ ಶನಿವಾರಕ್ಕೆ ಏನು ಬೆಲೆ? ಕಳಚುರಿಗಳ ರಾಜ್ಯ ಕುಸಿದ ಹೊತ್ತಿಗೆ ಅವರ ನಾಡಿನ ಮೇಲೆ ಕಣ್ಣಿಟ್ಟವರಲ್ಲಿ ಬಲ್ಲಾಳನೂ ಒಬ್ಬ. ಸೋತವರ ಆನೆ, ಛತ್ರಿ, ಭಂಡಾರ ಗೆದ್ದವರ ಪಾಲಾಗುತ್ತಿದ್ದ ಕಾಲದಲ್ಲಿ ಬಿರುದೂ ಹಾಗೆಯೇ ಕೈ ಬದಲಾಯಿಸಿತು ಎನ್ನುವುದೇ ಹೆಚ್ಚು ಸಂಭವನೀಯ. ಕಾರಣ ಮರೆತುಹೋದ ಬಿರುದಿಗೆ ಆಮೇಲೆ ಕಾರಣ ಹುಟ್ಟಿಕೊಂಡಿತು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಮುಂದೆ ವೆಲಿಂಗ್ಟನ್ ಡ್ಯೂಕ್ ಆಗಿ ‘ಐರನ್ ಡ್ಯೂಕ್’, ಉಕ್ಕಿನ ಡ್ಯೂಕ್, ಎನಿಸಿಕೊಂಡ. ಲಂಡನ್ನಿನಲ್ಲಿ ಗಲಭೆಯ ಜನ ಕಲ್ಲು ತೂರಿದಾಗ ಮನೆಯ ಕಿಟಕಿಗಳಿಗೆ ಕಬ್ಬಿಣದ ಬಾಗಿಲು ಹಾಕಿಸಿದ, ಅದರಿಂದ ಆ ಹೆಸರು ಎಂಬ ಕಥೆ ಪ್ರಸಿದ್ಧ. ಕಬ್ಬಿಣದ ಬಾಗಿಲು ಬಂದದ್ದು 1832ರಲ್ಲಿ. ಹೆಸರು 1830ರ ಪತ್ರಿಕೆಯೊಂದರಲ್ಲೇ ಅಚ್ಚಾಗಿತ್ತು. ಅಲ್ಲಿಯೂ ಹೆಸರು ಮೊದಲು, ಕಾರಣ ಆಮೇಲೆ.

ಅದೇ ವೆಲ್ಲೆಸ್ಲಿ 1800ರಲ್ಲಿ ಉತ್ತರ ಕರ್ನಾಟಕದಲ್ಲೆಲ್ಲ ಬೆನ್ನಟ್ಟಿದ್ದು ಚನ್ನಗಿರಿಯಲ್ಲಿ ಹುಟ್ಟಿದ ದೋಂಡಿಯ ವಾಘನನ್ನು. ವಾಘ್ ಎಂದರೆ ಹುಲಿ. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು ದಂಡು ಕಟ್ಟಿದ ಆತ ತನ್ನನ್ನು ಉಭಯಲೋಕಾಧೀಶ್ವರ ಎಂದು ಕರೆದುಕೊಂಡ. ಎರಡೂ ಲೋಕಗಳ ಒಡೆತನ ಹೆಚ್ಚು ದಿನ ನಡೆಯಲಿಲ್ಲ. ಆ ವರ್ಷದ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ ಬಳಿ ಆತ ಸತ್ತ. ಸಾಮಾನು ಸರಂಜಾಮಿನ ನಡುವೆ ಸಿಕ್ಕಿದ ಆತನ ಚಿಕ್ಕ ಮಗನನ್ನು ವೆಲ್ಲೆಸ್ಲಿಯೇ ಸಾಕಿಸಿದ. ಆತ ಬಯಸಿದ ಬಿರುದನ್ನು ಯಾರೂ ಬಳಸಲಿಲ್ಲ. ಹುಲಿ ಎಂಬುದು ಮಾತ್ರ ಹೆಸರಿಗೆ ಅಂಟಿಕೊಂಡು ಉಳಿಯಿತು.

ಗಳಿಸಿದವನ ಮನೆಗೇ ನಿಂತ ಬಿರುದೂ ಇಲ್ಲದಿಲ್ಲ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡಿನಿಂದ ಚೋಳರನ್ನು ಓಡಿಸಿದವನು; 1118ರಲ್ಲಿ ಕಣ್ಣೇಗಾಲದ ಬಳಿ ಚಾಲುಕ್ಯರ ಬೀಡಿನ ಮೇಲೆ ರಾತ್ರಿ ಬಿದ್ದು ಚದುರಿಸಿದವನು. ತಲಕಾಡನ್ನು ಗೆದ್ದ ಹೆಸರು ಒಡೆಯನಿಗೆ ಹೋಯಿತು. ವಿಷ್ಣುವರ್ಧನ ತಲಕಾಡುಗೊಂಡ ಆದ. ಮುಂದೆ ಆತನ ಮಕ್ಕಳು ಮೊಮ್ಮಕ್ಕಳೂ ತಲಕಾಡನ್ನು ತಾವೇ ಗೆದ್ದವರಂತೆ ತಲಕಾಡುಗೊಂಡರೇ ಆದರು. ಗಂಗರಾಜನಿಗಿದ್ದ ಬಿರುದು ದ್ರೋಹಘರಟ್ಟ. ಘರಟ್ಟ ಎಂದರೆ ಬೀಸುವ ಕಲ್ಲು, ದ್ರೋಹಿಗಳನ್ನು ಹಿಟ್ಟು ಮಾಡುವ ಕಲ್ಲು. ಗಂಗರಾಜ ತೀರಿಕೊಂಡ ಮೇಲೆ ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಬಸದಿ ಕಟ್ಟಿಸಿ ತಂದೆಯ ನೆನಪಿಗೆ ‘ದ್ರೋಹಘರಟ್ಟ ಜಿನಾಲಯ’ ಎಂದು ಹೆಸರಿಟ್ಟ. ಅಹಿಂಸೆಯ ದೇವರ ಮನೆಗೆ ಬೀಸುವ ಕಲ್ಲಿನ ಹೆಸರು! ಆ ಕಾಲದವರಿಗೆ ಇದರಲ್ಲಿ ವಿರೋಧ ಕಂಡಂತಿಲ್ಲ. ಯುದ್ಧದ ಗೆಲುವಿನ ಸುದ್ದಿ, ಮಗ ಹುಟ್ಟಿದ ಸುದ್ದಿಗಳ ಸಂತೋಷದಲ್ಲಿದ್ದ ವಿಷ್ಣುವರ್ಧನನಿಗೆ ಆ ಬಸದಿಯ ಪ್ರಸಾದ ತಲುಪಿತಂತೆ. ಆತ ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ.

ಈಚಿನ ಕಾಲದಲ್ಲಿ ಬಿರುದು ಕೊಡುವ ಆಸ್ಥಾನಗಳಿಲ್ಲ. 1949ರ ಜನವರಿ 15ರಂದು ಭಾರತೀಯ ಸೇನೆಯ ಮುಖ್ಯಸ್ಥರಾದ ಕೊಡಗಿನ ಕೆ. ಎಂ. ಕಾರ್ಯಪ್ಪ ಸೈನ್ಯದಲ್ಲಿ ‘ಕಿಪ್ಪರ್’. ಯೌವನದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿಗೆ ಕಾರ್ಯಪ್ಪ ಎನ್ನಲು ನಾಲಗೆ ತಿರುಗದೆ ಹೀಗೆ ಕರೆದರಂತೆ. ಇಂಗ್ಲಿಷಿನಲ್ಲಿ ಕಿಪ್ಪರ್ ಎಂದರೆ ಹೊಗೆಯಲ್ಲಿಟ್ಟು ಒಣಗಿಸಿದ ಮೀನು. ಇದರಲ್ಲಿ ಶೌರ್ಯವೂ ಇಲ್ಲ, ಸಾಹಸವೂ ಇಲ್ಲ. ಆದರೂ 1986ರಲ್ಲಿ ಫೀಲ್ಡ್ ಮಾರ್ಷಲ್ ಆದಾಗಲೂ ಗೆಳೆಯರ ಬಾಯಲ್ಲಿ ಅವರು ಕಿಪ್ಪರ್. ಇದು ಓಣಿಯ ಬಸಪ್ಪನಿಗೆ ಬಂದ ಹೆಸರಿನ ಜಾತಿಗೇ ಸೇರಿದ್ದು.

ಬಳ್ಳಾರಿ ಸೀಮೆಯವರನ್ನು ಕೇಳಿದರೆ ಅವರಿಗೆ ಗೊತ್ತಿರುವ ಬಿರುದು ಇವು ಯಾವುವೂ ಅಲ್ಲ. ಅದು ಕಂಪಿಲಿಯ ಕುಮಾರರಾಮನ ‘ಪರನಾರೀಸಹೋದರ’. ಪರಸ್ತ್ರೀಯರಿಗೆ ಅಣ್ಣನಂತಿರುವವನು ಎಂಬ ಈ ಹೊಗಳಿಕೆ ಶಾಸನಗಳಲ್ಲಿ ಎಷ್ಟೋ ಮಾಂಡಲಿಕರಿಗೆ ಸಿಗುತ್ತದೆ. ಬಿರುದಾವಳಿ ಬರೆಯುವವರು ಯಾರಿಗೆ ಬೇಕಾದರೂ ತೊಡಿಸುತ್ತಿದ್ದ ಸಿದ್ಧ ಉಡುಪು ಅದು. ಜನ ಅದನ್ನು ಉಳಿದವರಿಂದ ಕಿತ್ತುಕೊಂಡು ಒಬ್ಬನಿಗೇ ಕೊಟ್ಟರು. ನಂಜುಂಡ ಕವಿಯ ಸಾಂಗತ್ಯದಲ್ಲೂ ಜನಪದರ ಹಾಡುಗಳಲ್ಲೂ ಬರುವ ಕಥೆ ಎಲ್ಲರಿಗೂ ತಿಳಿದದ್ದೇ. ಚೆಂಡಾಟದ ಚೆಂಡು ಚಿಕ್ಕತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ, ತರಲು ಹೋದ ರಾಮನನ್ನು ಆಕೆ ಬಯಸುತ್ತಾಳೆ, ಆತ ಒಪ್ಪುವುದಿಲ್ಲ. ಆಕೆಯ ದೂರು ನಂಬಿದ ಕಂಪಿಲರಾಯ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ. ದಿಲ್ಲಿಯ ದಂಡು ಬಂದಾಗ ಸತ್ತನೆಂದುಕೊಂಡಿದ್ದ ಮಗ ಎದ್ದು ಬಂದು ಕಾದಿ ಮಡಿಯುತ್ತಾನೆ. ಅಷ್ಟು ಯುದ್ಧ ಮಾಡಿದವನಿಗೆ ನಿಂತ ಹೆಸರು ಒಂದು ಕೋಟೆ ಹಿಡಿದದ್ದಕ್ಕಲ್ಲ, ಒಂದು ಬಾಗಿಲಿನಿಂದ ಹಿಂದಿರುಗಿದ್ದಕ್ಕೆ.

ಕಂಪಿಲಿ ಬಿದ್ದದ್ದು 1327ರಲ್ಲಿ, ಮಹಮ್ಮದ್ ಬಿನ್ ತುಘಲಕ್‌ನ ಸೈನ್ಯಕ್ಕೆ. ದಿಲ್ಲಿಗೆ ಎದುರು ನಿಂತು ಓಡಿಬಂದ ಬಹಾಉದ್ದೀನ್ ಗುರ್ಶಾಸ್ಪನಿಗೆ ಆಶ್ರಯ ಕೊಟ್ಟದ್ದೇ ಅದಕ್ಕೆ ಕಾರಣ. ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ ಈ ಸಂಗತಿಯನ್ನು ಬರೆದಿದ್ದಾನೆ. ಕಂಪಿಲರಾಯ ಹೆಂಗಸರನ್ನು ಬೆಂಕಿಗೆ ಕಳಿಸಿ ತಾನು ಹೋರಾಡಿ ಸತ್ತದ್ದು, ಸೆರೆ ಸಿಕ್ಕ ಹನ್ನೊಂದು ಮಕ್ಕಳನ್ನು ದಿಲ್ಲಿಗೆ ಒಯ್ದದ್ದು, ಅವರಲ್ಲಿ ಕೆಲವರನ್ನು ತಾನೇ ಕಂಡದ್ದು, ಎಲ್ಲವೂ ಅದರಲ್ಲಿದೆ. ಕುಮಾರರಾಮನ ಹೆಸರು ಮಾತ್ರ ಅದರಲ್ಲಿಲ್ಲ. ಸಂಡೂರು, ಕುಮ್ಮಟದ ಕಡೆ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಆತನ ಮುಖಗಳನ್ನು ಗುಡಿಯಲ್ಲಿಟ್ಟು ಜಾತ್ರೆ ಮಾಡುತ್ತಾರೆ. ದೇಹವಿಲ್ಲದೆ ತಲೆ ಮಾತ್ರ. ತಂದೆ ಬೇಡಿದ್ದು ಅದನ್ನೇ.